ಕೀನೋಟ್‌ಗೆ ಮುನ್ನ ಬರೆದಿಟ್ಟ ಊಹೆಗಳು

ಹೊಸ ಐಫೋನ್‌ಗಳನ್ನು ಪರಿಚಯಿಸುವ ಆಪಲ್‌ನ ಸೆಪ್ಟೆಂಬರ್ ಕಾರ್ಯಕ್ರಮವು, ಅಂದರೆ ಕೀನೋಟ್, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 10ಕ್ಕೆ ಆರಂಭವಾದರೆ ರಾಯಚೂರಿನಲ್ಲಿ ಆಗ ರಾತ್ರಿ 10:30. ಊಟ ಮುಗಿಸಿ, ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಅದನ್ನು ನೋಡುವುದು ನನ್ನ ಮತ್ತು ತಮ್ಮನ ಹಲವು ವರ್ಷಗಳ ರೂಢಿ. ಅದಕ್ಕೂ ಮೊದಲು ಇಬ್ಬರೂ ನಮ್ಮ ಊಹೆಗಳನ್ನು ಒಂದೇ ಹಾಳೆಯಲ್ಲಿ ಬರೆದಿಡುತ್ತೇವೆ.

ತಮ್ಮ ಸೋರಿಕೆಯಾದ ಚಿತ್ರಗಳನ್ನು ನಂಬುತ್ತಾನೆ. ನಾನು ಕಾನೂನುಗಳನ್ನು ಓದುತ್ತೇನೆ. 2024ರ ಡಿಸೆಂಬರ್ 28ರಿಂದ ತನ್ನಲ್ಲಿ ಮಾರಾಟಕ್ಕೆ ಬರುವ ಹೊಸ ಫೋನ್‌ಗಳಲ್ಲಿ ಚಾರ್ಜ್ ಮಾಡಲು ಯುಎಸ್‌ಬಿ-ಸಿ ಪೋರ್ಟ್ ಇರಲೇಬೇಕೆಂದು ಐರೋಪ್ಯ ಒಕ್ಕೂಟವು 2022ರಲ್ಲಿ ನಿಯಮ ರೂಪಿಸಿದಾಗ, 2012ರಿಂದ ಐಫೋನ್‌ನಲ್ಲಿದ್ದ, ಆಪಲ್‌ನದೇ ಆದ ಲೈಟ್ನಿಂಗ್ ಪೋರ್ಟ್ ಗಡುವಿಗೆ ಮೊದಲೇ ಹೋಗುತ್ತದೆ ಎಂದು ಬರೆದಿದ್ದೆ. 2023ರ ಸೆಪ್ಟೆಂಬರ್ 12ರಂದು ಐಫೋನ್ 15 ಯುಎಸ್‌ಬಿ-ಸಿಯೊಂದಿಗೇ ಬಂದಿತು. ಆ ರಾತ್ರಿಯ ಸಂತೋಷ ಇನ್ನೂ ನೆನಪಿದೆ.

ಈ ಸಲ ನನ್ನ ಮೊದಲ ಸಾಲು ಬ್ಯಾಟರಿಯದು. ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕೆಂಬ ಐರೋಪ್ಯ ನಿಯಮಕ್ಕೆ, ಕೆಲವು ವಿನಾಯಿತಿಗಳಿದ್ದರೂ, 2027ರ ಫೆಬ್ರುವರಿ 18 ಗಡುವಾಗಿದೆ. 2024ರ ಐಫೋನ್ 16ರಲ್ಲಿಯೇ ಸ್ವಲ್ಪ ವಿದ್ಯುತ್ ಹರಿಸಿದರೆ ಬಿಟ್ಟುಕೊಳ್ಳುವ ಅಂಟನ್ನು ಬ್ಯಾಟರಿಗೆ ಬಳಸಲಾಗಿತ್ತು. ಹೀಗಾಗಿ ಬ್ಯಾಟರಿ ಬದಲಿಸುವುದು ಇನ್ನಷ್ಟು ಸುಲಭವಾಗುತ್ತದೆ ಎಂಬುದು ನನ್ನ ಅಂದಾಜು. ಇದರಲ್ಲಿ ನನ್ನ ಆಸೆಯೂ ಬೆರೆತಿದೆ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಬಿಸಿಲಿಗೆ ಫೋನಿನಲ್ಲಿ ಮೊದಲು ಸೊರಗುವುದು ಬ್ಯಾಟರಿಯೇ.

ಕ್ಯಾಮೆರಾ ಮತ್ತು ಬಣ್ಣಗಳ ಸಾಲುಗಳನ್ನು ತಮ್ಮನಿಗೆ ಬಿಟ್ಟಿದ್ದೇನೆ.