ಹರಾಜು ಯಾರ ಕೈಲಿದೆ?

ಸಂಘಗಳಿಗೆ ಲೆಕ್ಕ ಬರೆಯುವುದು ಕಲಿಸುವುದು ನನ್ನ ಕೆಲಸ. ಕುಂದಾಪುರ, ಬೈಂದೂರು ಕಡೆ ಎಲ್ಲಿ ಹೋದರೂ ಒಂದು ಪ್ರಶ್ನೆ ಮಾತ್ರ ತಪ್ಪಿದ್ದಲ್ಲ. ಚಹಾ ಬರುವ ಹೊತ್ತಿಗೆ ಯಾರಾದರೊಬ್ಬರು ಕುರ್ಚಿ ಹತ್ತಿರ ಎಳೆದುಕೊಂಡು ಕೇಳುತ್ತಾರೆ: "ಮಾರಾಯ್ರೆ, ಈ ಚರ್ಚಿನವರು, ಮಠದವರು, ದೇವಸ್ಥಾನದವರು ಊರು ಉದ್ಧಾರ ಮಾಡ್ತೇವೆ ಅಂತ ಬರ್ತಾರಲ್ಲ, ನಂಬಬಹುದಾ? ಒಳಗೆ ಬೇರೆ ಲೆಕ್ಕ ಇರುವುದಿಲ್ವಾ?"

ಇರಬಹುದು. ಮನಸ್ಸಿನೊಳಗಿನ ಲೆಕ್ಕ ಆಡಿಟ್ ಮಾಡಲು ನನಗೆ ಬರುವುದಿಲ್ಲ. ಅದಕ್ಕೆ ನಾನು ತಿರುಗಿ ಕೇಳುತ್ತೇನೆ, ಆ ಊರಲ್ಲಿ ಹರಾಜು ಯಾರ ಕೈಲಿದೆ ಅಂತ. ಅವರು ಮುಖ ನೋಡುತ್ತಾರೆ. ಆಗ ಮರಿಯನಾಡಿನ ಕಥೆ ಹೇಳಬೇಕಾಗುತ್ತದೆ, ಹೇಳಿ ಮುಗಿಸುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ. ಅದಕ್ಕೇ ಈ ಸಲ ಬರೆದೇ ಬಿಡುತ್ತಿದ್ದೇನೆ.

ಮೊದಲು ಹರಾಜಿನ ವಿಷಯ. ಕಡಲ ಕರೆಯವರಿಗೆ ಇದು ಗೊತ್ತಿದ್ದದ್ದೇ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಬಲೆ ಕೊಳ್ಳಲು ದುಡ್ಡಿಲ್ಲ, ಮಳೆಗಾಲದಲ್ಲಿ ಅಕ್ಕಿಗೂ ದುಡ್ಡಿಲ್ಲ. ದಲ್ಲಾಳಿ ಮುಂಗಡ ಕೊಡುತ್ತಾನೆ. ಬಡ್ಡಿ ಕೇಳುವುದಿಲ್ಲ, ನೋಡಲು ದೊಡ್ಡ ಉಪಕಾರ. ಒಂದೇ ಷರತ್ತು, ಹಿಡಿದ ಮೀನು ಅವನ ಮೂಲಕವೇ ಮಾರಬೇಕು. ದೋಣಿ ದಡ ಮುಟ್ಟಿದ ಕೂಡಲೇ ಅವನೇ ಹರಾಜು ಕೂಗುತ್ತಾನೆ, ಅವನೇ ತೂಕ, ಅವನೇ ಕಮಿಷನ್, ಲೆಕ್ಕಪುಸ್ತಕ ಕೂಡ ಅವನದ್ದೇ. ಅಸಲು ತೀರುವುದೇ ಇಲ್ಲ. ತೀರುವುದು ಅವನಿಗೂ ಬೇಡ, ತೀರಿದರೆ ಮೀನು ಕೈ ತಪ್ಪುತ್ತದಲ್ವಾ. ನನ್ನ ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿ ಮಾರಿದವಳು. ಈ ಇಡೀ ವ್ಯವಹಾರವನ್ನು ಅವಳು ಒಂದೇ ಮಾತಲ್ಲಿ ಹೇಳುತ್ತಿದ್ದಳು: "ಮುಂಗಡ ಕೊಟ್ಟವನದ್ದೇ ಮೀನ್ ಕಾಣ್."

ಮರಿಯನಾಡು ಇರುವುದು ಕೇರಳದಲ್ಲಿ, ತಿರುವನಂತಪುರದ ಉತ್ತರಕ್ಕೆ, ಸಮುದ್ರದ ಪಕ್ಕದ ಮರಳಿನ ಮೇಲೆ. ಮರಿಯಮ್ಮನ ನಾಡು ಅಂತ ಅರ್ಥ, ಯೇಸುವಿನ ತಾಯಿ ಮರಿಯಮ್ಮ. ಅದು ಹಳೆಯ ಊರಲ್ಲ. 1960ರ ಆಸುಪಾಸಿನಲ್ಲಿ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರ ಮುಂದಾಳುತನದಲ್ಲಿ ಚರ್ಚು ಜಾಗ ಕೊಟ್ಟು ಕೂರಿಸಿದ ಊರು. ಸುತ್ತಲಿನ ಕಿಕ್ಕಿರಿದ ಹಳ್ಳಿಗಳಲ್ಲಿ ಕಾಲಿಡಲು ತುಂಡು ನೆಲವೂ ಇಲ್ಲದ ಮೀನುಗಾರ ಕುಟುಂಬಗಳು ಇಲ್ಲಿಗೆ ಬಂದವು. ಆಮೇಲೆ ಒಂದಷ್ಟು ಜನ ಸಮಾಜ ಕಾರ್ಯಕರ್ತರು ಬಂದು ಅಲ್ಲೇ ಉಳಿದರು. ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಸಹಿ ಹಾಕಿಸಿಕೊಂಡು ಹೋಗುವ ಉಳಿಯುವಿಕೆ ಅಲ್ಲ, ವರ್ಷಗಟ್ಟಲೆ ಅದೇ ಮರಳಿನ ಮೇಲೆ.

ಇಲ್ಲಿ ಯಾರಾದರೂ ಬಾಯಿ ಹಾಕೇ ಹಾಕುತ್ತಾರೆ, "ಅಂದ್ರೆ ಮತಾಂತರ." ಸ್ವಲ್ಪ ನಿಲ್ಲಿ. ಆ ಕರಾವಳಿಯ ಮೀನುಗಾರ ಜಾತಿಯಾದ ಮುಕ್ಕುವರಲ್ಲಿ ಸಾವಿರಾರು ಜನ ಕ್ರೈಸ್ತರಾದದ್ದು 1544ರಲ್ಲಿ, ಫ್ರಾನ್ಸಿಸ್ ಕ್ಸೇವಿಯರ್ ಬಂದಾಗ. ಮರಿಯನಾಡು ಹುಟ್ಟುವ ಹೊತ್ತಿಗೆ ನಾನೂರು ವರ್ಷ ಆಗಿಹೋಗಿತ್ತು. ಮತಾಂತರ ಮಾಡಲು ಅಲ್ಲಿ ಯಾರೂ ಬಾಕಿ ಇರಲಿಲ್ಲ.

ಚರ್ಚಿನ ಮೇಲೆ ಅನುಮಾನ ಪಡಲೇಬೇಕು ಅಂತಿದ್ದರೆ ಬೇರೆ ಗಟ್ಟಿ ಕಾರಣ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಆ ಕರಾವಳಿಯ ಎಷ್ಟೋ ಊರುಗಳಲ್ಲಿ ಹಿಡಿದ ಮೀನಿನ ಒಂದು ಪಾಲು ಚರ್ಚಿಗೆ ಹೋಗುತ್ತಿತ್ತು. ಆ ಪಾಲನ್ನು ವಸೂಲಿ ಮಾಡುವ ಹಕ್ಕನ್ನು ಚರ್ಚು ಹರಾಜು ಹಾಕುತ್ತಿತ್ತು. ಕೊಂಡವನು ದಡದಲ್ಲಿ ನಿಂತು ಪ್ರತಿ ದೋಣಿಯಿಂದ ಕೀಳುತ್ತಿದ್ದ. ಇದರ ಹೆಸರು ಕುತ್ತಕ, ನಮ್ಮ ಗುತ್ತಿಗೆಯೇ. ಅಂದರೆ ದಲ್ಲಾಳಿಯ ಪಕ್ಕದಲ್ಲೇ ದೇವರ ಹೆಸರಿನ ಇನ್ನೊಬ್ಬ. ಮರಿಯನಾಡಿಗೆ ಜಾಗ ಕೊಟ್ಟದ್ದು ಇದೇ ಚರ್ಚು. ಹಾಗಾಗಿ "ಧರ್ಮ ಒಳ್ಳೆಯದಾ ಕೆಟ್ಟದ್ದಾ" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಒಂದೇ ಬೀದಿಯಲ್ಲಿ ಎರಡೂ ಇತ್ತು.

ಹಾಗಾದರೆ ಮರಿಯನಾಡಿನಲ್ಲಿ ಆದದ್ದೇನು? ಮನೆ, ಬಾಲವಾಡಿ, ಆರೋಗ್ಯದ ಕೆಲಸ, ಹೆಂಗಸರ ಸಮಾಜ ಎಲ್ಲಾ ಇತ್ತು. ಅದರಲ್ಲಿ ಹೊಸತೇನೂ ಇಲ್ಲ, ಎಲ್ಲರೂ ಮಾಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು 1960ರ ದಶಕದ ಕೊನೆಗೆ ಮೀನುಗಾರರು ಸಂಘ ಕಟ್ಟಿಕೊಂಡು ಹರಾಜನ್ನೇ ತಮ್ಮ ಕೈಗೆ ತೆಗೆದುಕೊಂಡದ್ದು. ಹರಾಜು ಕೂಗುವವನು ಇನ್ನು ಸಂಘದವನು. ಕೊಂಡ ವ್ಯಾಪಾರಿ ದುಡ್ಡು ಕಟ್ಟಬೇಕಾದ್ದು ಸಂಘಕ್ಕೆ. ಇಷ್ಟೇ ಬದಲಾವಣೆ, ಹೇಳಲು ಒಂದು ಸಾಲು. ಮಾಡಲು ಮಾತ್ರ ವ್ಯಾಪಾರಿಗಳ ಜತೆ ಜಗಳ, ಹಳೆ ಸಾಲದ ತಕರಾರು, ಒಳಗೊಳಗೇ ಹೆದರಿಕೆ, ಏಕೆಂದರೆ ನಾಳೆ ಮೀನು ಕೊಳ್ಳುವವರೇ ಬರದಿದ್ದರೆ ಅದು ಸಂಜೆಗೆ ಗೊಬ್ಬರ.

ಸಂಘದ ಲೆಕ್ಕ ನೋಡಿದರೆ ನನ್ನಂಥವನಿಗೆ ಖುಷಿಯಾಗುತ್ತದೆ. ಮಾರಿದ ದುಡ್ಡಿನಲ್ಲಿ ಸ್ವಲ್ಪ ಸಂಘದ ಖರ್ಚಿಗೆ, ಸ್ವಲ್ಪ ಸದಸ್ಯನ ಉಳಿತಾಯಕ್ಕೆ, ಇನ್ನು ಸ್ವಲ್ಪ ಸಾಲಕ್ಕೆ ಮುರಿದುಕೊಂಡು ಉಳಿದದ್ದು ಕೈಗೆ. ಸಾಲಕ್ಕೆ ತಿಂಗಳಿಗೆ ಇಷ್ಟು ಅಂತ ಕಂತು ಇಲ್ಲ, ಹಿಡಿದ ಮೀನಿನ ಮೇಲೆ ಶೇಕಡಾ ಲೆಕ್ಕ. ಮೀನು ಜಾಸ್ತಿ ಬಿದ್ದರೆ ಜಾಸ್ತಿ ಕಟ್ಟು, ಬರಿಗೈಲಿ ಬಂದರೆ ಏನೂ ಬೇಡ. ಕಡಲಿಗೆ ತಿಂಗಳ ಐದನೇ ತಾರೀಕು ಗೊತ್ತಿಲ್ಲ ಎಂಬುದು ಸಾಲ ಕೊಡುವವರಿಗೆ ಅರ್ಥವಾದ ಹಾಗೆ ನಾನು ಬೇರೆಲ್ಲೂ ಹೆಚ್ಚು ಕಂಡಿಲ್ಲ. ಇನ್ನೊಂದು ನಿಯಮ: ಕಡಲಿಗೆ ಇಳಿಯುವವನಿಗೆ ಮಾತ್ರ ಸದಸ್ಯತ್ವ. ಆ ಕಾಲದಲ್ಲಿ ಮೀನುಗಾರರ ಹೆಸರಿನ ಎಷ್ಟೋ ಸಹಕಾರ ಸಂಘಗಳು ಕಾಗದದಲ್ಲಿದ್ದವು, ಸಾಲ ಪಡೆಯುವವರು ವ್ಯಾಪಾರಿಗಳೇ. ಈ ಒಂದು ನಿಯಮ ದಲ್ಲಾಳಿಯನ್ನು ಹೊರಗಿಟ್ಟಿತು. ಪಾದ್ರಿಯನ್ನೂ ಹೊರಗಿಟ್ಟಿತು! ಅವರೂ ದೋಣಿ ಹತ್ತುವವರಲ್ಲ.

1973ರಲ್ಲಿ ಜಾನ್ ಕುರಿಯನ್ ಎಂಬ ಯುವಕ ಅಲ್ಲಿಗೆ ಬಂದು ಸಂಘದ ಕೆಲಸಕ್ಕೆ ನಿಂತರು, ಮುಂದೆ ಮೀನುಗಾರಿಕೆಯ ಅರ್ಥಶಾಸ್ತ್ರದಲ್ಲಿ ದೊಡ್ಡ ಹೆಸರು. ಮರಿಯನಾಡಿನ ಮಾದರಿ ಅಕ್ಕಪಕ್ಕದ ಊರಿಗೆ ಹಬ್ಬಿತು. ಈ ಸಂಘಗಳೆಲ್ಲ ಸೇರಿ 1980ರಲ್ಲಿ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ ಕಟ್ಟಿಕೊಂಡವು, ಸಿಫ್ಸ್ ಅಂದರೆ ಜಾಸ್ತಿ ಜನರಿಗೆ ಗೊತ್ತು. ಊರಿನ ಸಂಘ, ಜಿಲ್ಲೆಯ ಒಕ್ಕೂಟ, ಮೇಲೆ ಸಿಫ್ಸ್. ಔಟ್‌ಬೋರ್ಡ್ ಇಂಜಿನ್, ಪ್ಲೈವುಡ್ ದೋಣಿ, ಐಸ್, ಸಾಲ, ಎಲ್ಲದಕ್ಕೂ ಕೈ ಹಾಕಿತು. 2004ರ ಸುನಾಮಿ ಆದ ಮೇಲೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಮನೆಗಳನ್ನೂ ಕಟ್ಟಿತು.

ಇದಕ್ಕೆ ಎದುರಾಗಿ ಇನ್ನೊಂದನ್ನು ಇಟ್ಟು ನೋಡಿ. ಮರಿಯನಾಡಿನ ಉತ್ತರಕ್ಕೆ, ಕೊಲ್ಲಂ ಹತ್ತಿರದ ನೀಂಡಕರೆಯಲ್ಲಿ 1953ರಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ದೇವರಿಲ್ಲ, ಪಾದ್ರಿಯಿಲ್ಲ. ಸರ್ಕಾರ, ವಿದೇಶಿ ತಜ್ಞರು, ಯಂತ್ರದ ದೋಣಿ, ಐಸ್ ಪ್ಲಾಂಟ್, ಆಸ್ಪತ್ರೆ. ಒಳ್ಳೆಯ ಮನಸ್ಸಿನಿಂದಲೇ ಬಂದವರು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದದ್ದೇ ಕಡಲ ತಳದಲ್ಲಿ ಬಲೆ ಎಳೆದು ಹೋಗುವ ಟ್ರಾಲ್ ಬೋಟುಗಳು ಏರಿದವು, ದುಡ್ಡಿದ್ದವರು ಬೋಟು ಹಾಕಿದರು, ಕಟ್ಟುಮರದವನ ಬಲೆ ಹರಿಯಿತು. ನಮ್ಮ ಕಡೆ ಇದರ ತಮ್ಮನನ್ನು ನಾವೂ ಕಂಡಿದ್ದೇವೆ. ಊರಿಗೆ ಊರೇ ದಡದಿಂದ ಹಗ್ಗ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ದೊಡ್ಡ ಬಲೆ ರಂಪಣಿ, 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ಮೂಲೆ ಸೇರಿತು.

ಟ್ರಾಲ್ ಬೋಟಿನ ವಿರುದ್ಧ ಕೇರಳದಲ್ಲಿ ನಡೆದ ಹೋರಾಟದಲ್ಲೂ ಪಾದ್ರಿಗಳು, ಸನ್ಯಾಸಿನಿಯರು ಮುಂದೆ ನಿಂತರು. ಪಾದ್ರಿ ಥಾಮಸ್ ಕೋಚೇರಿ ಅವರ ಹೆಸರು ಕೇಳಿರಬಹುದು. 1984ರಲ್ಲಿ ಸಿಸ್ಟರ್ ಆಲಿಸ್ ಉಪವಾಸ ಕೂತರು. ಇವರ ನಡೆ ಚರ್ಚಿನ ಹಿರಿಯರಿಗೆ ಎಲ್ಲಾ ಕಾಲಕ್ಕೂ ಹಿಡಿಸಿದ್ದೇನಲ್ಲ. ಒಂದರ ಹಿಂದೆ ಒಂದು ಮೂರು ಸಮಿತಿ ಕೂತು, ಕೊನೆಗೆ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು.

ಕೆನಡಾದಲ್ಲೂ ಇಂಥದ್ದೇ ಇದೆ ಅಂತ ಒಬ್ಬರು ನನಗೆ ಹೇಳಿದ ಮೇಲೆ ಓದಿದೆ. ನೋವಾ ಸ್ಕೋಷಿಯಾದಲ್ಲಿ ಜಿಮ್ಮಿ ಟಾಂಪ್‌ಕಿನ್ಸ್ ಎಂಬ ಪಾದ್ರಿ ಮೇಲಿನವರ ಜತೆ ಜಗಳ ಮಾಡಿಕೊಂಡು 1920ರ ದಶಕದಲ್ಲಿ ಕ್ಯಾನ್ಸೊ ಎಂಬ ಬಡ ಮೀನುಗಾರರ ಊರಿಗೆ ಎತ್ತಂಗಡಿಯಾದರು. ಅಲ್ಲಿ ಗುಂಪು ಕೂಡಿಸಿ ಓದಿಸಿದರು. ಪಕ್ಕದ ಲಿಟಲ್ ಡೋವರ್‌ನವರು ತಾವೇ ಲಾಬ್‌ಸ್ಟರ್ ಡಬ್ಬಿ ತುಂಬುವ ಕಾರ್ಖಾನೆ ಕಟ್ಟಿದರು. ಕಡಲು ಬೇರೆ, ಮೀನು ಬೇರೆ, ದಲ್ಲಾಳಿ ಮಾತ್ರ ನಮ್ಮೂರಿನವನೇ.

ಈಗ ಪ್ರಶ್ನೆ ಕೇಳಿದವರಿಗೆ. ದೇವರ ಮೇಲಿನ ನಂಬಿಕೆ ಏನು ಮಾಡಿತು ಅಂದರೆ, ಜನರನ್ನು ಆ ಮರಳಿಗೆ ಕರೆದುಕೊಂಡು ಬಂತು, ಸಂಬಳಕ್ಕಾಗಿ ಯಾರೂ ಉಳಿಯದಷ್ಟು ಕಾಲ ಉಳಿಸಿತು. ಅದು ಸಣ್ಣ ಮಾತಲ್ಲ. ಆದರೆ ಊರು ಬದಲಾದದ್ದು ಲೆಕ್ಕಪುಸ್ತಕ ಮೀನುಗಾರರ ಕೈಗೆ ಹೋದ ದಿನ. ಹಾಗಾಗಿ ನಿಮ್ಮೂರಿಗೆ ಯಾರೇ ಬರಲಿ, ಯಾವ ದೇವರ ಫೋಟೋ ಹಿಡಿದೇ ಬರಲಿ, ಮೂರು ವರ್ಷ ಬಿಟ್ಟು ನೋಡಿ. ಚೆಕ್ಕಿಗೆ ಸಹಿ ಹಾಕುವವರು ಯಾರು? ಲೆಕ್ಕ ಕೇಳಿದರೆ ತೋರಿಸುತ್ತಾರಾ? ಬಂದವರು ಹೊರಟುಹೋದರೆ ಸಂಘ ನಡೆಯುತ್ತದಾ?

ಮರಿಯನಾಡನ್ನು ನಾನು ಹೊಗಳಿದ್ದೇ ಜಾಸ್ತಿ ಆಯಿತು. ದಲ್ಲಾಳಿಯನ್ನು ಹೊರಗಿಟ್ಟ ಅದೇ ನಿಯಮ ಹೆಂಗಸರನ್ನೂ ಹೊರಗಿಟ್ಟಿತು. ಕಡಲಿಗೆ ಇಳಿಯದವರು ಸದಸ್ಯರಲ್ಲ, ಆದರೆ ಬುಟ್ಟಿ ಹೊತ್ತು ಪೇಟೆಗೆ ಹೋಗಿ ಮಾರುವವರು ಅವರೇ. ವಾಸನೆ ಅಂತ ಬಸ್ಸಿಗೂ ಹತ್ತಿಸುತ್ತಿರಲಿಲ್ಲ. ತಿರುವನಂತಪುರದ ಮೀನು ಮಾರುವ ಹೆಂಗಸರು ಇದಕ್ಕಾಗಿ ಬೀದಿಗಿಳಿದರು. 1980ರ ದಶಕದ ಶುರುವಿನಲ್ಲಿ ಸರ್ಕಾರ ಅವರಿಗಾಗಿಯೇ ಬಸ್ಸು ಬಿಟ್ಟಿತು.

ಇದೆಲ್ಲ ಒಂದು ಸಂಜೆ ಅಮ್ಮನಿಗೆ ಹೇಳಿದೆ. ಬಿಷಪ್, ಸಂಘ, ಶೇಕಡಾ ಲೆಕ್ಕ, ಸಿಫ್ಸ್ ಎಲ್ಲಾ. ಅವಳು ಅಕ್ಕಿ ಆರಿಸುತ್ತಾ ಹೂಂ ಹೂಂ ಅನ್ನುತ್ತಿದ್ದಳು. ಬಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ಗೆರಸಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಆ ಬಸ್ ಎಷ್ಟ್ ಹೊತ್ತಿಗೆ ಬತ್ತಿತ್ತ್?"