ಅಷ್ಟು ನೋವಿನ ಕಥೆಗೆ ನಗು ಯಾಕೆ?

ನಾಟಕದ ಓದು ಮುಗಿದು ಚಹಾದ ಲೋಟ ಕೈಗೆ ಬಂದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಮೇಡಂ, ಇಷ್ಟು ನೋವಿನ ಕಥೆಯನ್ನು ನಗಿಸಿಕೊಂಡು ಹೇಳಬೇಕಿತ್ತಾ?’ ದನಿಯಲ್ಲಿ ಆಕ್ಷೇಪಕ್ಕಿಂತ ಸಂಕೋಚ ಹೆಚ್ಚು. ಸ್ವಲ್ಪ ಹೊತ್ತಿನ ಮುಂಚೆ ತಾವೇ ಗಟ್ಟಿಯಾಗಿ ನಕ್ಕದ್ದು ತಪ್ಪಾಯಿತೇನೋ ಅನ್ನುವ ಸಂಕೋಚ. ನಿಂತಲ್ಲೇ ಕೊಡುವ ಉತ್ತರ ಯಾವಾಗಲೂ ಅರ್ಧವಾಗಿಬಿಡುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾಟಕ ‘ಪ್ರಿನ್ಸೆಸ್ ಪೋಕಹಾಂಟಸ್ ಅಂಡ್ ದ ಬ್ಲೂ ಸ್ಪಾಟ್ಸ್’. ಬರೆದು, ತಾವೇ ನಟಿಸಿದವರು ಮೊನೀಕ್ ಮೊಹೀಕಾ. ಮೊದಲ ಪ್ರಯೋಗ 1990ರಲ್ಲಿ, ಟೊರಾಂಟೊದಲ್ಲಿ. ನಿರ್ದೇಶಿಸಿದವರು ಅವರ ಚಿಕ್ಕಮ್ಮ ಮ್ಯೂರಿಯಲ್ ಮಿಗೆಲ್. ಚಿಕ್ಕಮ್ಮ, ತಾಯಿ ಗ್ಲೋರಿಯಾ, ಅವರಿಬ್ಬರ ಅಕ್ಕ ಮೂವರೂ ನ್ಯೂಯಾರ್ಕಿನ ಸ್ಪೈಡರ್‌ವುಮನ್ ಥಿಯೇಟರ್‌ನವರು. ಬಣ್ಣ ಹಚ್ಚುವುದು ಆ ಮನೆಯ ಹೆಂಗಸರ ಕಸುಬು. ಮೊಹೀಕಾ ಕುನಾ ಮತ್ತು ರಾಪಹ್ಯಾನಕ್ ಎಂಬ ಎರಡು ಮೂಲನಿವಾಸಿ ಸಮುದಾಯಗಳಿಗೆ ಸೇರಿದವರು. ರಾಪಹ್ಯಾನಕ್ ಜನ ಅಮೆರಿಕದ ವರ್ಜೀನಿಯಾದವರು, ಅಂದರೆ ನಾಟಕದ ಹೆಸರಿನಲ್ಲಿರುವ ಮೂಲನಿವಾಸಿ ಹುಡುಗಿ ಪೋಕಹಾಂಟಸ್ ಹುಟ್ಟಿದ ಸೀಮೆಯವರು. ಆಡುತ್ತಿರುವುದು ನೆರೆಮನೆಯ ಹುಡುಗಿಯ ಕಥೆ ಅನ್ನುವುದನ್ನು ಓದುವಾಗ ಮರೆಯಬಾರದು.

ರಂಗದ ಮೇಲೆ ಇಬ್ಬರೇ ಹೆಂಗಸರು. ಒಟ್ಟು 13 ರೂಪಾಂತರಗಳು, ಚಾಂದ್ರಮಾನ ವರ್ಷದ ಒಂದೊಂದು ಚಂದ್ರನಿಗೆ ಒಂದೊಂದು. ಮೊದಲೇ ಬರುವವಳು ಸೌಂದರ್ಯ ಸ್ಪರ್ಧೆಯ ರಾಜಕುಮಾರಿ. ಅವಳ ಹೆಸರನ್ನು ನಾನು ‘ಎರಡೂ ಬದಿ ಬೆಣ್ಣೆ ಸವರಿದವಳು’ ಎಂದು ಕನ್ನಡಕ್ಕೆ ತಂದುಕೊಂಡಿದ್ದೇನೆ. ತನ್ನ ಪ್ರತಿಭೆ ತೋರಿಸಲು ಅವಳು ಮಾಡುವುದೇನು? ಕ್ಯಾಪ್ಟನ್ ಜಾನ್ ವೈಟ್‌ಮನ್ ಎಂಬ ಬಿಳಿಯ ಪ್ರಿಯಕರನಿಗಾಗಿ ನಯಾಗರಾಕ್ಕೆ ಹಾರುತ್ತಾಳೆ. ಓದುವ ಕೋಣೆಯಲ್ಲಿ ಮೊದಲ ನಗೆ ಏಳುವುದು ಇಲ್ಲೇ.

ನಕ್ಕದ್ದು ಯಾರನ್ನು ನೋಡಿ? ನನ್ನ ಉತ್ತರವೆಲ್ಲ ಈ ಪ್ರಶ್ನೆಯೊಳಗಿದೆ. ಬಿಳಿಯನಿಗಾಗಿ ಪ್ರಾಣ ಕೊಡುವ ಕಾಡುಹೆಣ್ಣಿನ ಕಥೆಯನ್ನು ಕಟ್ಟಿದವರು ಮೂಲನಿವಾಸಿಗಳಲ್ಲ, ಅವರ ನೆಲ ಹಿಡಿದವರು. ಅವರು ಅದನ್ನು ಕಣ್ಣೀರಿಟ್ಟುಕೊಂಡೇ ಹೇಳಿದರು. ಕವನ ಬರೆದರು, ಚಿತ್ರ ಬಿಡಿಸಿದರು. ಆ ಕಥೆಗೆ ಮತ್ತೊಮ್ಮೆ ಅತ್ತರೆ ನಾವು ಅಳುವುದು ಅವರ ರಾಗದಲ್ಲೇ. ಅಳು ಆಗಲೇ ಗೆದ್ದವರ ಪಾಲಾಗಿತ್ತು. ಮೊಹೀಕಾಗೆ ಉಳಿದದ್ದು ನಗೆ.

ನಡೆದದ್ದನ್ನು ಹೇಳುತ್ತೇನೆ. 1607ರಲ್ಲಿ ಇಂಗ್ಲಿಷರು ಜೇಮ್ಸ್‌ಟೌನ್‌ನಲ್ಲಿ ಬಂದಿಳಿದಾಗ ಈ ಹುಡುಗಿಗೆ ಸುಮಾರು ಹನ್ನೊಂದು ವರ್ಷ. ಪೋಕಹಾಂಟಸ್ ಅಡ್ಡಹೆಸರು. ಒಳಹೆಸರು ಮಟೋಕಾ. ಮುಖಂಡನಾಗಿದ್ದ ತಂದೆಯ ಕಡೆಯವರ ದೊಣ್ಣೆಯೇಟಿನಿಂದ ಇಂಗ್ಲಿಷರ ಕ್ಯಾಪ್ಟನ್ ಜಾನ್ ಸ್ಮಿತ್‌ನನ್ನು ಅವಳು ಉಳಿಸಿದಳೆಂಬ ಪ್ರಸಿದ್ಧ ಪ್ರಸಂಗ ಅವನೇ 1608ರಲ್ಲಿ ಅಚ್ಚು ಹಾಕಿಸಿದ ವೃತ್ತಾಂತದಲ್ಲಿ ಇಲ್ಲ. ವಿಸ್ತಾರವಾಗಿ ಬರುವುದು 1624ರ ಪುಸ್ತಕದಲ್ಲಿ, ಅವಳು ಸತ್ತು ಏಳು ವರ್ಷವಾದ ಮೇಲೆ. 1613ರಲ್ಲಿ ಇಂಗ್ಲಿಷರು ಅವಳನ್ನು ಉಪಾಯದಿಂದ ಹಡಗಿಗೆ ಹತ್ತಿಸಿ ಒತ್ತೆಯಾಳಾಗಿ ಹಿಡಿದರು. ಸೆರೆಯಲ್ಲಿದ್ದಾಗಲೇ ಕ್ರೈಸ್ತಳಾಗಿ ರೆಬೆಕ್ಕಾ ಆದಳು. 1614ರಲ್ಲಿ ತಂಬಾಕು ಬೆಳೆಯುತ್ತಿದ್ದ ಜಾನ್ ರಾಲ್ಫ್‌ನೊಂದಿಗೆ ಮದುವೆ. 1616ರಲ್ಲಿ ವರ್ಜೀನಿಯಾ ಕಂಪನಿ ಅವಳನ್ನು ಲಂಡನ್ನಿಗೆ ಕರೆದೊಯ್ದು ಮೆರೆಸಿತು, ವಸಾಹತಿಗೆ ಹಣ ಹೂಡುವವರು ಬೇಕಿತ್ತು. ಮರುವರ್ಷ ಊರಿಗೆ ಹೊರಟವಳು ಹಡಗು ಥೇಮ್ಸ್ ನದಿ ಬಿಟ್ಟು ಸಮುದ್ರ ಸೇರುವ ಮೊದಲೇ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು. ಇಪ್ಪತ್ತೊಂದರ ಆಸುಪಾಸಿನ ವಯಸ್ಸು. ಮಣ್ಣಾದದ್ದೂ ಅಲ್ಲೇ.

ರಾಜಕುಮಾರಿ ಅನ್ನುವುದೇ ಅವಳಿಗೆ ಹೊರಗಿನವರು ತೊಡಿಸಿದ ವೇಷ. ಅವಳ ಜನರಲ್ಲಿ ಅಧಿಕಾರ ಇಳಿಯುತ್ತಿದ್ದದ್ದು ತಾಯಿಯ ಬಳಿಯಿಂದ. ಯಜಮಾನನ ನಂತರ ತಮ್ಮಂದಿರು, ಅಕ್ಕತಂಗಿಯರು, ಆಮೇಲೆ ಅಕ್ಕತಂಗಿಯರ ಮಕ್ಕಳು. ಅಳಿಯಸಂತಾನ ಬಲ್ಲ ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಖಂಡನ ಮಗಳಿಗೆ ಪಟ್ಟದ ಹಕ್ಕೇ ಇರಲಿಲ್ಲ.

ಈ ವೇಷ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, 1924ರಲ್ಲಿ ವರ್ಜೀನಿಯಾ ಬಿಳಿಯರ ರಕ್ತಶುದ್ಧಿಗೆ ಕಾನೂನು ತಂದಾಗ ಇವಳಿಗಾಗಿ ಒಂದು ಕಿಂಡಿ ಬಿಟ್ಟಿತು. ಹದಿನಾರರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಮೂಲನಿವಾಸಿ ರಕ್ತವಿದ್ದವರೂ ಬಿಳಿಯರೇ. ಪೋಕಹಾಂಟಸ್ ತಮ್ಮ ಮುತ್ತಜ್ಜಿಯೆಂದು ಹೇಳಿಕೊಳ್ಳುವ ಪ್ರತಿಷ್ಠಿತ ಮನೆತನಗಳು ಆ ಸೀಮೆಯಲ್ಲಿದ್ದವು, ಅವರು ಕೆಡಬಾರದಲ್ಲ. ಅದೇ ಕಾನೂನು ಅವಳ ನಿಜವಾದ ಬಂಧುಬಳಗವನ್ನು ದಾಖಲೆಗಳಲ್ಲಿ ಅಳಿಸಿಹಾಕುವ ಸಾಧನವಾಯಿತು. ಸತ್ತ ರಾಜಕುಮಾರಿಗೆ ಮರ್ಯಾದೆ, ಬದುಕಿದ್ದವರಿಗೆ ತಮ್ಮ ಹೆಸರೂ ಇಲ್ಲ. ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಬೆಣ್ಣೆ ಸವರಿದವಳನ್ನು ಕಂಡು ನಾನು ನಗುವುದು ಈ ಉರಿಯನ್ನು ಇಟ್ಟುಕೊಂಡೇ.

ನಗೆ ಕೊನೆತನಕ ಒಂದೇ ಹದದಲ್ಲಿ ಇರುವುದೂ ಇಲ್ಲ. ಪೋಕಹಾಂಟಸ್‌ಳ ಭಾಗದಲ್ಲಿ ಕಥೆಪುಸ್ತಕದ ಹುಡುಗಿ ಬರುತ್ತಾಳೆ, ಬಿಗಿಯುಡುಪಿನ ಲೇಡಿ ರೆಬೆಕ್ಕಾ ಬರುತ್ತಾಳೆ. ಅವರಿಬ್ಬರ ವೇಷ ಕಳಚಿದ ಮೇಲೆ ಮಟೋಕಾ ನಿಲ್ಲುತ್ತಾಳೆ, ಮೈನೆರೆಯುತ್ತಿರುವ, ತನ್ನವರ ಆಚರಣೆಯೊಳಗೆ ಹೆಣ್ಣಾಗುತ್ತಿರುವ ಹುಡುಗಿ. ಅವಳ ಮಾತಿಗೆ ಯಾರೂ ನಗುವುದಿಲ್ಲ. ಮೇಲಿನ ಎರಡು ವೇಷಗಳನ್ನು ನಗೆಯೇ ಸಡಿಲಿಸಿರದಿದ್ದರೆ ಅವಳು ನಮಗೆ ಕಾಣುತ್ತಲೇ ಇರಲಿಲ್ಲ.

ಮಲಿಂಚೆಯ ಭಾಗದಲ್ಲಂತೂ ನಗುವಿಗೆ ಜಾಗವೇ ಇಲ್ಲ. 1519ರಲ್ಲಿ ಮೆಕ್ಸಿಕೊದ ಟಬಾಸ್ಕೊದಲ್ಲಿ ಇಪ್ಪತ್ತು ಹೆಂಗಸರನ್ನು ದಂಡೆತ್ತಿ ಬಂದ ಸ್ಪೇನಿನ ಕೊರ್ಟೆಸ್‌ಗೆ ಕಾಣಿಕೆಯಾಗಿ ಕೊಟ್ಟರು. ಅವರಲ್ಲಿ ಒಬ್ಬಳು ಇವಳು. ಅಲ್ಲಿನ ಮಾಯಾ, ನಾವಾಟ್ಲ್ ಎರಡೂ ಭಾಷೆ ಬರುತ್ತಿದ್ದದ್ದರಿಂದ ಅವನಿಗೆ ದುಭಾಷಿಯಾದಳು. ಇಂದಿಗೂ ಮೆಕ್ಸಿಕೊದಲ್ಲಿ ಸ್ವಂತದ್ದನ್ನು ಬಿಟ್ಟು ಪರದೇಶದ್ದಕ್ಕೆ ಮಣಿಯುವವರನ್ನು ಅವಳ ಹೆಸರಿಟ್ಟು ಹಳಿಯುತ್ತಾರೆ. ಮೊಹೀಕಾ ಅವಳಿಗೆ ಮಾತು ಕೊಡುತ್ತಾರೆ, ಅವಳು ಕೇಳುತ್ತಾಳೆ: ದ್ರೋಹ ಮಾಡಿದವರು ಯಾರು, ಮಾರಿಕೊಂಡವರೋ ಮಾರಿಹೋದವಳೋ? ಈ ಪುಟ ಓದುವವರ ಗಂಟಲು ಕಟ್ಟುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ತುಪ್ಪಳದ ವ್ಯಾಪಾರಕ್ಕೆ ಬಂದ ಬಿಳಿಯರ ಹೆಂಡಿರಾಗಿ, ಆಮೇಲೆ ಕೈಬಿಡಲ್ಪಟ್ಟ ಮೇಟಿ (ಬಿಳಿಯರ, ಮೂಲನಿವಾಸಿಗಳ ಬೆರಕೆಯಿಂದ ಹುಟ್ಟಿದ ಸಮುದಾಯ) ಹೆಂಗಸರ ಭಾಗವೂ ಹಾಗೆಯೇ.

ಇನ್ನು ಹೆಸರಿನಲ್ಲಿರುವ ಆ ನೀಲಿ ಮಚ್ಚೆ. ಕೇಳಲು ಹಾಡುಗಾರರ ತಂಡದ ಹೆಸರಿನ ಹಾಗಿದೆ, ಅದೂ ಒಂದು ಚೇಷ್ಟೆಯೇ. ಆದರೆ ನಾಟಕದಲ್ಲಿ ಒಬ್ಬಳು ತಾಯಿ ಹೇಳುತ್ತಾಳೆ: ಮಗು ಹುಟ್ಟಿದೊಡನೆ ಕೈಕಾಲಿನ ಬೆರಳು ಎಣಿಸಿ, ಮಗುಚಿ ಹಾಕಿ, ಬೆನ್ನುಹುರಿಯ ಬುಡದಲ್ಲಿ ನೀಲಿ ಮಚ್ಚೆ ಇದೆಯೇ ಎಂದು ನೋಡಿದೆ. ತನ್ನ ತಾಯಿಯೂ ತನ್ನನ್ನು ಹಾಗೇ ಮಗುಚಿ ನೋಡಿದ್ದಳು. ಮೂಲನಿವಾಸಿ ರಕ್ತದ ಗುರುತು ಅದು. ಎಷ್ಟೇ ಬೆರಕೆಯಾದರೂ ಎಲ್ಲಕ್ಕಿಂತ ಕೊನೆಗೆ ಅಳಿಯುವ ಗುರುತುಗಳಲ್ಲಿ ಒಂದು.

ನಮ್ಮ ಕೂಸುಗಳಿಗೂ ಆ ಮಚ್ಚೆ ಇರುತ್ತದೆ. ಬಾಣಂತಿಕೋಣೆಯಲ್ಲಿ ಎರೆಯುವಾಗ ಕಂಡಿದ್ದರೂ ಯಾರೂ ಅದನ್ನು ಹುಡುಕಿ ನೋಡಿದವರಲ್ಲ, ಹುಡುಕುವ ಅಗತ್ಯ ನಮಗೆ ಬಂದಿರಲಿಲ್ಲ. ಕಳೆದ ಓದಿನಲ್ಲಿ ಈ ಸಾಲಿಗೆ ಬಂದಾಗ, ಮೊದಲ ದೃಶ್ಯದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹೆಂಗಸು ಪುಸ್ತಕ ಕೆಳಗಿಟ್ಟು, ಮಡಿಲಲ್ಲಿ ಮಲಗಿದ್ದ ಮೊಮ್ಮಗುವಿನ ಬೆನ್ನು ಸವರಿದರು.