ತುಮಕೂರಿನ ಬಿ.ಎಚ್. ರೋಡು ಹಿಡ್ಕೊಂಡು

ಬೆಂಗಳೂರಿಂದ ಊರಿಗೆ ಹೊರಟಿದ್ವಿ, ನಾನೂ ನಮ್ಮ ಭಾವನೂ, ಸೀದಾ ಹೋಗೋದರ ಬದಲು ತುಮಕೂರು ನೋಡ್ಕೊಂಡೇ ಹೋಗಣ ಅಂತ ಕ್ಯಾತ್ಸಂದ್ರದಲ್ಲಿ ಇಳಿದ್ವಿ. ತಟ್ಟೆ ಇಡ್ಲಿ ತಿಂದಾಯ್ತು, ಸಿದ್ಧಗಂಗಾ ಮಠಕ್ಕೆ ಹೋಗಿ ಬಂದಾಯ್ತು. ಆಮೇಲೆ ಟೌನೊಳಗೆ ಯಾವುದರ ದಾರಿ ಕೇಳಿದ್ರೂ ಬಿಎಚ್ ರೋಡೇ. ಎಸ್‌ಐಟಿ ಕಾಲೇಜು? ಬಿಎಚ್ ರೋಡು. ಯೂನಿವರ್ಸಿಟಿ? ಬಿಎಚ್ ರೋಡು. ಟೌನ್‌ಹಾಲ್ ಸರ್ಕಲ್? "ಅದೇ ರೋಡಲ್ಲಿ ಇನ್ನೂ ಮುಂದಕ್ಕೋಗಿ ಸಾರ್."

ನನಗಂತೂ ಮಜಾ ಅನ್ನಿಸ್ತು, ಯಾಕಂದ್ರೆ ನಮ್ಮೂರು ಭದ್ರಾವತಿ, ಅಲ್ಲೂ ದೊಡ್ಡ ರೋಡಿಗೆ ಬಿಎಚ್ ರೋಡು ಅಂತ್ಲೇ ಹೆಸರು, ಶಿವಮೊಗ್ಗದಲ್ಲೂ ಹಂಗೇ, ತಿಪಟೂರಲ್ಲೂ ಹಂಗೇ. ಎಲ್ಲಾ ಒಂದೇ ಬೆಂಗಳೂರು-ಹೊನ್ನಾವರ ರೋಡು: ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಅಂತ ಊರೂರ ನಡುವೆ ನುಗ್ಗಿ, ನಮ್ಮೂರು ದಾಟಿ, ಸಾಗರದಿಂದಾಚೆ ಘಟ್ಟ ಇಳಿದು ಸಮುದ್ರಕ್ಕೆ ಹೋಗುತ್ತೆ. ತುಮಕೂರಿಂದಾಚೆಗೆ ಎನ್‌ಎಚ್ 206 ಅಂತಿತ್ತು, ಈಗ ಆ ನಂಬರೂ ಇಲ್ಲ. ಆಟೋದವ್ರಿಗೆ ಇದನ್ನ ಹೇಳಿದ್ರೆ, "ಹೊನ್ನಾವರ ಎಲ್ ಬತ್ತದೋ ಗೊತ್ತಿಲ್ಲ ಅಣ್ಣ, ನಮ್ಗೆ ಗುಬ್ಬಿ ಗೇಟ್‌ಗಂಟ ಬಿಎಚ್ ರೋಡು" ಅಂದ್ರು.

ಸ್ಮಾರ್ಟ್ ಸಿಟಿ ಲಿಸ್ಟಿಗೆ ತುಮಕೂರು 2016ರಲ್ಲೇ ಸೇರಿದೆ. ಫುಟ್‌ಪಾತಲ್ಲಿ ಆರಾಮಾಗಿ ನಡೀಬೋದು ಅನ್ಕೊಂಡ್ರೆ ನಾವು ಹೋದ ದಿನ ಸುಮಾರು ಕಡೆ ಸ್ಕೂಟರ್‌ಗಳೇ ನಿಂತಿದ್ವು, ಮತ್ತೆ ರೋಡಿಗೇ ಇಳೀಬೇಕಾಯ್ತು.

ಬಿಎಚ್ ರೋಡಿನ ಅಗಲ ನೋಡಿ ಸಾಕಾದ್ಮೇಲೆ ಚಿಕ್ಕಪೇಟೆ, ಮಂಡಿಪೇಟೆ ಕಡೆ ತಿರುಗಿದ್ವಿ. ನನ್ನ ಕೇಳಿದ್ರೆ ಊರಿನ ರುಚಿ ಇಲ್ಲೇ ಜಾಸ್ತಿ. ಮೂಟೆ ಇಳಿಸೋರು, ತಳ್ಳೋಗಾಡಿ, "ಸರೀರೀ ಸರೀರೀ" ಅನ್ನೋ ಕೂಗು, ಎದುರಿಗೊಂದು ಲಗೇಜ್ ಆಟೋ ಬಂದ್ರೆ ಗೋಡೆಗೆ ಅಂಟ್ಕೊಂಡು ನಿಲ್ಲಬೇಕು. ಭಾವಂಗೆ ಬೆಂಗಳೂರಿನ ಅವೆನ್ಯೂ ರೋಡು ನೆನಪಾಯ್ತಂತೆ. ಅವೆನ್ಯೂ ಅಂದ್ರೆ ಸಾಲುಮರದ ಅಗಲವಾದ ರೋಡು, ಆ ಇಕ್ಕಟ್ಟಿಗೆ ಅವೆನ್ಯೂ ಅಂತ ಯಾವ ಪುಣ್ಯಾತ್ಮ ಹೆಸರಿಟ್ನೋ, ಅದೂ ದೊಡ್ಡಪೇಟೆ ಅಂತ ಚೆಂದದ ಹೆಸರು ಮೊದಲೇ ಇದ್ದಾಗ.

ಸಂಜೆ ಶಿವಮೊಗ್ಗ ಬಸ್ಸು ಹಿಡಿಯೋಕೆ ಗುಬ್ಬಿ ಗೇಟ್ ಹತ್ರ ನಿಲ್ಲಣ ಅಂದ್ರು ಭಾವ. ನಾನು ಒಪ್ಪಲಿಲ್ಲ, ಸೀಟು ಬೇಕಂದ್ರೆ ಅಶೋಕ ರೋಡಿನ ಬಸ್‌ಸ್ಟ್ಯಾಂಡಿಗೇ ಹೋಗ್ಬೇಕು. ಹೋದ್ವಿ, ಕಿಟಕಿ ಪಕ್ಕದ್ದೇ ಸಿಕ್ತು.